ಡೇಟಾ ಟೈಪ್ ಪರಿವರ್ತನೆ: ಸರ್ವರ್‌ನಿಂದ ಮೊಬೈಲ್ ಆ್ಯಪಿಗೆ

ಸರ್ವರ್‌ನಿಂದ ಬಂದ ಮಾಹಿತಿಯನ್ನು ಮೊಬೈಲ್ ಆ್ಯಪ್ ಫೋನಿನಲ್ಲೇ ಉಳಿಸಿಕೊಳ್ಳುವ ಮೊದಲು ಇದು ಸಂಖ್ಯೆ, ಇದು ಪಠ್ಯ, ಇದು ದಿನಾಂಕ, ಇದು ಹೌದು–ಅಲ್ಲ ಎಂದು ವಿಂಗಡಿಸಿ ಆಯಾ ರೂಪಕ್ಕೆ ತಿರುಗಿಸುವ ಕೆಲಸಕ್ಕೆ ಡೇಟಾ ಟೈಪ್ ಪರಿವರ್ತನೆ ಎಂದು ಹೆಸರು. ಸರ್ವರ್ ಒಂದು ಕಡೆ, ಫೋನು ಇನ್ನೊಂದು ಕಡೆ. ನಡುವೆ ಓಡಾಡುವುದು ಬರೀ ಅಕ್ಷರಗಳ ಸಾಲು. ಆ ಸಾಲಿನಲ್ಲಿ 45 ಎಂದಿದ್ದರೆ ಅದು ನಲವತ್ತೈದು ಚೀಲ ಕಡಲೆಕಾಯಿಯೋ, ನಲವತ್ತೈದನೇ ಸರ್ವೆ ನಂಬರೋ ಎಂಬುದು ಸಾಲಿಗೆ ತಿಳಿಯದು, ಬರೆಸಿದವರಿಗೆ ತಿಳಿದಿರುತ್ತದೆ. ಆ ತಿಳಿವಳಿಕೆ ದಾರಿಯಲ್ಲಿ ಸೋರಿಹೋಗುವ ಬಗೆಗಳೇ ಈ ವಿಷಯದ ಬಹುಪಾಲು.

ಕರ್ನಾಟಕದಲ್ಲಿ ಇದಕ್ಕೆ ಜಮೀನಿನ ದಾಖಲೆಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ರೂಪಿಸಿದ ‘ಭೂಮಿ’ ತಂತ್ರಾಂಶದ ಮೂಲಕ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಬಂದವು. ಅಲ್ಲಿಂದ ಮುಂದೆ ಅವು ಫೋನಿಗೂ ಇಳಿದವು. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ‘ಬೆಳೆ ಸಮೀಕ್ಷೆ’ ಆ್ಯಪಿನಲ್ಲಿ 2020ರಿಂದ ರೈತರೇ ತಮ್ಮ ತಾಕಿನ ಬೆಳೆಯ ಫೋಟೊ ತೆಗೆದು ಸೇರಿಸಬಹುದು. ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯಂಥ ಕಡೆ ಇವುಗಳ ಬಳಕೆ ನಿತ್ಯದ್ದು. ಬೆಟ್ಟದ ಮಗ್ಗುಲಿಗೆ ಸರಿದರೆ ಸಿಗ್ನಲ್ ಹೋಗುತ್ತದೆ. ಸಿಗ್ನಲ್ ಇದ್ದಾಗ ಇಳಿಸಿಕೊಂಡ ಮಾಹಿತಿ ಫೋನಿನಲ್ಲೇ ಉಳಿದಿರಬೇಕು, ಹೊಲದಲ್ಲಿ ತುಂಬಿದ್ದು ಊರಿಗೆ ಬಂದ ಮೇಲೆ ಸರ್ವರ್‌ಗೆ ಏರಬೇಕು. ಹೀಗೆ ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ ಪರಿವರ್ತನೆ ನಡೆಯುತ್ತದೆ. ಮುಂದಿನ ಉದಾಹರಣೆಗಳನ್ನು ಈ ಹೋಬಳಿ ಮತ್ತು ಸುತ್ತಲಿನ ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳ ವ್ಯವಹಾರದಿಂದಲೇ ಆರಿಸಿದೆ. ಉದಾಹರಣೆಯ ಆ್ಯಪ್‌ಗಳು ಮಾತ್ರ ಕಲ್ಪಿತ, ಮೇಲೆ ಹೆಸರಿಸಿದವುಗಳ ದೋಷಪಟ್ಟಿ ಇದಲ್ಲ.

ಸಾಗಣೆಯ ರೂಪ, ಉಗ್ರಾಣದ ರೂಪ

ಸರ್ವರ್ ಮತ್ತು ಆ್ಯಪ್ ನಡುವಿನ ಸಾಗಣೆಗೆ ಇಂದು ಹೆಚ್ಚಾಗಿ ಬಳಕೆಯಾಗುವುದು ಜೇಸನ್. ಡಗ್ಲಸ್ ಕ್ರಾಕ್‌ಫರ್ಡ್ 2000ದ ದಶಕದ ಆರಂಭದಲ್ಲಿ ಬಳಕೆಗೆ ತಂದ ಈ ಬರವಣಿಗೆ ಕ್ರಮ ಈಗ 2017ರ ಆರ್‌ಎಫ್‌ಸಿ 8259 ಎಂಬ ದಾಖಲೆಯಂತೆ ನಡೆಯುತ್ತದೆ. ಇದರಲ್ಲಿ ಪಠ್ಯ, ಸಂಖ್ಯೆ, ಸರಿ–ತಪ್ಪು, ‘ನಲ್’ ಎಂಬ ಶೂನ್ಯಸ್ಥಾನ, ಪಟ್ಟಿ, ಹೆಸರು–ಬೆಲೆಗಳ ಗುಂಪು ಇವಿಷ್ಟೇ ಜಾತಿ. ದಿನಾಂಕಕ್ಕೆ ಜಾಗವಿಲ್ಲ, ಹಣಕ್ಕೆ ಜಾಗವಿಲ್ಲ. ಪೂರ್ಣಾಂಕ ಬೇರೆ, ದಶಮಾಂಶ ಬೇರೆ ಎಂಬ ಭೇದವೂ ಇಲ್ಲ.

ಫೋನಿನ ಕಡೆಯ ಉಗ್ರಾಣ ಬಹುತೇಕ ಎಸ್‌ಕ್ಯುಎಲ್‌ಐಟ್. ರಿಚರ್ಡ್ ಹಿಪ್ 2000ದಲ್ಲಿ ಬಿಡುಗಡೆ ಮಾಡಿದ ಈ ಪುಟ್ಟ ಡೇಟಾಬೇಸ್ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಇದೆ. ಆಂಡ್ರಾಯ್ಡಿನಲ್ಲಿ ಅದರ ಮೇಲೆ ಗೂಗಲ್ 2017ರಲ್ಲಿ ತಂದ ‘ರೂಮ್’ ಕುಳಿತಿರುತ್ತದೆ. ಐಫೋನಿನಲ್ಲಿ ಆಪಲ್‌ನ ‘ಕೋರ್ ಡೇಟಾ’, 2023ರಿಂದ ‘ಸ್ವಿಫ್ಟ್ ಡೇಟಾ’. ಎಸ್‌ಕ್ಯುಎಲ್‌ಐಟ್‌ಗೆ ಗೊತ್ತಿರುವುದು ನಲ್, ಪೂರ್ಣಾಂಕ, ದಶಮಾಂಶ, ಪಠ್ಯ, ಕಚ್ಚಾ ಬೈಟುಗಳು ಎಂಬ ಐದು ಬಗೆ. ಇಲ್ಲೂ ದಿನಾಂಕವಿಲ್ಲ, ಸರಿ–ತಪ್ಪು ಕೂಡ ಇಲ್ಲ, ಅದನ್ನು 1 ಮತ್ತು 0 ಎಂದು ಬರೆದಿಟ್ಟುಕೊಳ್ಳುತ್ತಾರೆ.

ಈ ಡೇಟಾಬೇಸಿನ ಒಂದು ವರ್ತನೆ ಹೊಸಬರನ್ನು ಖಂಡಿತ ಬೀಳಿಸುತ್ತದೆ. ಕಾಲಂಗೆ ಕೊಟ್ಟ ಟೈಪಿನ ಹೆಸರನ್ನು ಅದು ಪೂರ್ತಿ ಓದುವುದಿಲ್ಲ, ಹೆಸರಿನೊಳಗೆ ಕೆಲವು ತುಣುಕುಗಳನ್ನು ಹುಡುಕುತ್ತದೆ. ‘ಟೆಕ್ಸ್ಟ್’ ಅಥವಾ ‘ಚಾರ್’ ಕಂಡರೆ ಪಠ್ಯ, ‘ಇಂಟ್’ ಕಂಡರೆ ಪೂರ್ಣಾಂಕ. ಬೇರೆ ಭಾಷೆಗಳ ಅಭ್ಯಾಸದಿಂದ ಯಾರಾದರೂ ಕಾಲಂಗೆ ‘ಸ್ಟ್ರಿಂಗ್’ ಎಂದು ಹೆಸರಿಟ್ಟರೆ ಅದರಲ್ಲಿ ಈ ಯಾವ ತುಣುಕೂ ಇಲ್ಲದ ಕಾರಣ ಅದು ಸಂಖ್ಯೆಯ ಕಡೆ ವಾಲುವ ಕಾಲಂ ಆಗುತ್ತದೆ. ಕೊರಟಗೆರೆಯ ಎಸ್‌ಟಿಡಿ ಕೋಡ್ 08138 ಅದರೊಳಗೆ ಹೋಗಿ 8138 ಆಗಿ ಹೊರಬರುತ್ತದೆ. ‘ಫ್ಲೋಟಿಂಗ್ ಪಾಯಿಂಟ್’ ಎಂದು ಹೆಸರಿಟ್ಟವರ ಪಾಡು ಇನ್ನೂ ತಮಾಷೆ: ‘ಪಾಯಿಂಟ್’ ಎಂಬುದರ ಇಂಗ್ಲಿಷ್ ಕಾಗುಣಿತದ ಕೊನೆಯಲ್ಲಿ ‘ಇಂಟ್’ ಅಡಗಿರುವುದರಿಂದ ದಶಮಾಂಶಕ್ಕೆಂದು ತೆರೆದ ಕಾಲಂ ಪೂರ್ಣಾಂಕದ ಪಾಲಾಗುತ್ತದೆ. 2021ರ ನವೆಂಬರಿನ 3.37 ಆವೃತ್ತಿಯಲ್ಲಿ ‘ಸ್ಟ್ರಿಕ್ಟ್’ ಕೋಷ್ಟಕಗಳು ಬಂದ ಮೇಲೆ, ಬೇಕೆಂದವರಿಗೆ ಬಿಗಿ ಟೈಪುಗಳು ಸಿಗುತ್ತವೆ.

ಎಣಿಸುವ ಅಂಕಿ, ಹೆಸರಿಸುವ ಅಂಕಿ

ಅಂಕಿಗಳಲ್ಲಿ ಬರೆದದ್ದೆಲ್ಲ ಸಂಖ್ಯೆಯಲ್ಲ. ಕೂಡುವುದಕ್ಕೆ, ಕಳೆಯುವುದಕ್ಕೆ ಅರ್ಥವಿದ್ದರೆ ಅದು ಸಂಖ್ಯೆ. ಇಲ್ಲದಿದ್ದರೆ ಅಂಕಿಯ ವೇಷ ತೊಟ್ಟ ಹೆಸರು. ಇಬ್ಬರ ಆಧಾರ್ ಸಂಖ್ಯೆ ಕೂಡಿಸಿ ಯಾರಿಗೂ ಏನೂ ಆಗಬೇಕಿಲ್ಲ. ಸರ್ವೆ ನಂಬರ್, ಬ್ಯಾಂಕ್ ಖಾತೆ, ಪಿನ್‌ಕೋಡ್, ಫೋನ್ ನಂಬರ್ ಎಲ್ಲವೂ ಈ ಜಾತಿಯವು, ಪಠ್ಯವಾಗಿಯೇ ಉಳಿಯಬೇಕಾದವು. ತಿಳಿದೂ ತಿಳಿದೂ ಇವನ್ನು ಪೂರ್ಣಾಂಕದ ಕಾಲಂಗೆ ಹಾಕುವವರಿದ್ದಾರೆ, ಜಾಗ ಉಳಿಯುತ್ತದೆಂಬ ಹಳೆಯ ನಂಬಿಕೆಯಿಂದ.

ಜಮೀನಿನ ಗುರುತನ್ನೇ ನೋಡಿ. ಆನ್‌ಲೈನಿನಲ್ಲಿ ಪಹಣಿ ತೆಗೆಯುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದ ಮೇಲೆ ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂಬ ಮೂರು ಮನೆ ತುಂಬಬೇಕು. ಸರ್ನಾಕ್ ಮನೆಯಲ್ಲಿ ಬಹಳ ಸಲ ಇರುವುದು ಒಂದು ನಕ್ಷತ್ರ ಚಿಹ್ನೆ ಮಾತ್ರ. ಹಿಸ್ಸಾದಲ್ಲಿ 1, 2 ಬರಬಹುದು, 2ಎ ಬರಬಹುದು, ಅಲ್ಲೂ ನಕ್ಷತ್ರವೇ ಇರಬಹುದು. ಹೋಬಳಿಯ ಮೊದಲ ನೂರು ತಾಕುಗಳಲ್ಲಿ ಬರೀ ಅಂಕಿ ಕಂಡು ಹಿಸ್ಸಾವನ್ನು ಪೂರ್ಣಾಂಕ ಮಾಡಿದ ಪ್ರೋಗ್ರಾಮರ್‌ಗೆ ನೂರೊಂದನೆಯ ತಾಕು ಪಾಠ ಕಲಿಸುತ್ತದೆ. ಆಂಡ್ರಾಯ್ಡಿನ ಜನಪ್ರಿಯ ‘ಜಿಸನ್’ ಗ್ರಂಥಾಲಯಕ್ಕೆ ಟೈಪ್ ಹೇಳದೆ ಬಿಟ್ಟರೆ ಅದು ಜೇಸನ್‌ನ ಎಲ್ಲ ಸಂಖ್ಯೆಯನ್ನೂ ದಶಮಾಂಶವಾಗಿ ಓದಿಕೊಳ್ಳುತ್ತದೆ. ಆಗ ಪರದೆಯ ಮೇಲೆ ಸರ್ವೆ ನಂಬರ್ 45.0 ಎಂದು ಕಾಣುತ್ತದೆ. ನಡುವೆ ಎಲ್ಲಾದರೂ ಎಕ್ಸೆಲ್ ಹಾಳೆ ನುಸುಳಿದರೆ 12/3 ಎಂಬ ಹಿಸ್ಸಾ ಮಾರ್ಚ್ 12 ಆಗಿಬಿಡುತ್ತದೆ. ಇದು ನಮ್ಮ ತಾಲ್ಲೂಕು ಕಚೇರಿಗಳಿಗಷ್ಟೇ ಅಂಟಿದ ಪೀಡೆಯಲ್ಲ. ‘ಮಾರ್ಚ್1’, ‘ಸೆಪ್ಟ್1’ ಎಂಬ ಗುರುತಿದ್ದ ಮನುಷ್ಯ ವಂಶವಾಹಿಗಳು ಎಕ್ಸೆಲ್‌ನಲ್ಲಿ ತಾರೀಖಾಗುವುದನ್ನು ತಡೆಯಲಾರದೆ, ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಕಡೆಗೆ ಆ ಹೆಸರುಗಳನ್ನೇ ಬದಲಿಸಿತು.

ಗಾತ್ರದ ಮಿತಿಯೂ ಇದೆ. 32 ಬಿಟ್‌ನ ಪೂರ್ಣಾಂಕದ ಗರಿಷ್ಠ ಬೆಲೆ 2147483647. ಭಾರತದ ಹತ್ತಂಕಿಯ ಮೊಬೈಲ್ ನಂಬರ್‌ಗಳು 6ರಿಂದ 9ರ ಒಳಗಿನ ಅಂಕಿಯಿಂದ ಶುರುವಾಗುತ್ತವೆ. ಎಂದರೆ ಒಂದೇ ಒಂದು ನಂಬರೂ ಅದರಲ್ಲಿ ಹಿಡಿಸುವುದಿಲ್ಲ. ಜಾವಾಸ್ಕ್ರಿಪ್ಟ್ ಬಳಸುವ ಆ್ಯಪ್‌ಗಳಲ್ಲಿ 9007199254740991 ದಾಟಿದ ಪೂರ್ಣಾಂಕದ ಕೊನೆಯ ಅಂಕಿಗಳು ನಂಬಿಕೆಗೆ ಅರ್ಹವಲ್ಲ. ಹನ್ನೆರಡಂಕಿಯ ಆಧಾರ್ ಅಲ್ಲಿ ದಕ್ಕುತ್ತದೆ, ಹದಿನೇಳು ಅಂಕಿಯ ಖಾತೆ ಸಂಖ್ಯೆ ದಕ್ಕುವುದಿಲ್ಲ. ವಾಹನ ನೋಂದಣಿಯಲ್ಲಿ ತುಮಕೂರಿಗೆ ಕೆಎ 06, ಮಧುಗಿರಿಗೆ ಕೆಎ 64. ಈ ಕೋಡನ್ನು ಸಂಖ್ಯೆ ಮಾಡಿದರೆ ಮಧುಗಿರಿ ಗಾಡಿಗಳು ಸುರಕ್ಷಿತ, ತುಮಕೂರಿನವು ಕೆಎ 6. ಅರ್ಧ ಸರಿ ಇರುವ ಇಂಥ ತಪ್ಪು ಪೂರ್ತಿ ತಪ್ಪಿಗಿಂತ ಕೆಟ್ಟದ್ದು, ಏಕೆಂದರೆ ಮಧುಗಿರಿಯಲ್ಲಿ ಕೂತು ಪರೀಕ್ಷಿಸಿದವರಿಗೆ ಅದು ಕಾಣುವುದೇ ಇಲ್ಲ.

ಎಕರೆ, ಗುಂಟೆ ಮತ್ತು ಚುಕ್ಕಿ

ವಿಸ್ತೀರ್ಣದಷ್ಟು ಮೋಸ ಮಾಡುವ ಕಾಲಂ ಇನ್ನೊಂದಿಲ್ಲ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಗುಂಟೆಯೆಂದರೆ 33 ಅಡಿ ಉದ್ದ 33 ಅಡಿ ಅಗಲ, 1089 ಚದರಡಿ. ಎರಡು ಎಕರೆ ಹತ್ತು ಗುಂಟೆ ಪಹಣಿಯಲ್ಲಿ 2.10.00.00 ಎಂಬಂತೆ ಇರುತ್ತದೆ, ಕೈಬರಹದಲ್ಲಿ 2-10, ಆಡುಮಾತಿನಲ್ಲಿ ‘ಎರಡು ಹತ್ತು’. ಈ ಚುಕ್ಕಿ ದಶಮಾಂಶದ ಬಿಂದುವಲ್ಲ, ಎರಡು ಮನೆಗಳ ನಡುವಿನ ಗೋಡೆ. ಊರಿನಲ್ಲಿ ಇದು ಹುಡುಗರಿಗೂ ಗೊತ್ತು. ಫೋನಿಗೆ ಗೊತ್ತಿಲ್ಲ.

ಹಿಂದಿನ ಬಾಲ ಕತ್ತರಿಸಿ ಸರ್ವರ್ ‘2.10’ ಎಂದು ಪಠ್ಯವಾಗಿ ಕಳಿಸಿತು ಎಂದಿಟ್ಟುಕೊಳ್ಳಿ. ಆ್ಯಪ್ ಅದನ್ನು ದಶಮಾಂಶ ಮಾಡಿ ಉಳಿಸಿತು. ಉಳಿದದ್ದು 2.1. ಪರದೆಗೆ ತರುವಾಗ ಅದನ್ನು ಚುಕ್ಕಿಯಲ್ಲಿ ಒಡೆದು ಎಕರೆ 2, ಗುಂಟೆ 1 ಎಂದು ತೋರಿಸಿತು. ಒಂಬತ್ತು ಗುಂಟೆ, ಸುಮಾರು ಒಂಬತ್ತು ಸಾವಿರದ ಎಂಟುನೂರು ಚದರಡಿ, ಒಂದು ಸೊನ್ನೆಯ ಜೊತೆ ಹೋಯಿತು. ಇನ್ನೊಂದು ತಾಕು 1.30, ಮತ್ತೊಂದು 1.20. ಒಟ್ಟು ಹಿಡುವಳಿ ಎಷ್ಟೆಂದು ಆ್ಯಪ್ ಕೂಡಿದರೆ 2.5 ಬರುತ್ತದೆ, ನಿಜವಾಗಿ ಅದು ಎರಡು ಎಕರೆ ಐವತ್ತು ಗುಂಟೆ, ಎಂದರೆ ಮೂರು ಎಕರೆ ಹತ್ತು ಗುಂಟೆ. ಮೂರೂಕಾಲು ಎಕರೆಯವರು ಎರಡೂವರೆ ಎಕರೆಯವರಾದರು. ಎರಡು ಹೆಕ್ಟೇರ್‌ವರೆಗೆ ಬೆಳೆನಷ್ಟ ಪರಿಹಾರ ಎಂಬಂಥ ಮಿತಿಗಳನ್ನು ಲೆಕ್ಕಹಾಕುವಾಗ ಇಂಥ ವ್ಯತ್ಯಾಸ ಕಡೆಗಣಿಸುವಂಥದ್ದಲ್ಲ.

ಹೆಕ್ಟೇರ್ ಬಂದಾಗ ಗೋಜಲು ಇಮ್ಮಡಿ. ಎರಡು ಹೆಕ್ಟೇರ್ ಎಂದರೆ 4.94 ಎಕರೆ; ಇದು ನಿಜವಾದ ದಶಮಾಂಶ, ಗುಂಟೆ ಲೆಕ್ಕದಲ್ಲಿ ನಾಲ್ಕು ಎಕರೆ ಮೂವತ್ತೇಳೂ ಮುಕ್ಕಾಲು ಗುಂಟೆಯ ಹತ್ತಿರ. ಇದನ್ನೂ ಅದೇ ಕಾಲಂಗೆ ಹಾಕಿದರೆ ಯಾವ 4.30 ನಾಲ್ಕೂ ಮುಕ್ಕಾಲು ಎಕರೆ, ಯಾವುದು ನಾಲ್ಕು ಎಕರೆ ಹನ್ನೆರಡು ಗುಂಟೆ ಎಂದು ಬ್ರಹ್ಮನೂ ಹೇಳಲಾರ. ಒಂದು ಸಣ್ಣ ಸುಳಿವು ಸಿಗುತ್ತದೆ: ಚುಕ್ಕಿಯ ನಂತರ 39ಕ್ಕಿಂತ ದೊಡ್ಡದೇನಾದರೂ ಬಂದರೆ ಅದು ಗುಂಟೆಯಾಗಿರಲು ಸಾಧ್ಯವಿಲ್ಲ. ಒಳಬರುವ ದಾರಿಯಲ್ಲೇ ಈ ತಪಾಸಣೆ ಇಡುವುದು ಲೇಸು.

ಸರಿಯಾದ ಕ್ರಮ ಹಳೆಯದೇ. ವಿಸ್ತೀರ್ಣವನ್ನು ಅತಿ ಸಣ್ಣ ಮಾನಕ್ಕೆ ಇಳಿಸಿ ಪೂರ್ಣಾಂಕವಾಗಿ ಇಡಬೇಕು. ಎಕರೆಗೆ 640 ಆಣೆಯಂತೆ ಎರಡು ಎಕರೆ ಹತ್ತು ಗುಂಟೆ 1440 ಆಣೆ. ಕೂಡುವುದು, ಭಾಗ ಮಾಡುವುದು ಎಲ್ಲ ಆಣೆಯಲ್ಲಿ ನಡೆಯಲಿ. ತೋರಿಸುವಾಗ ಮಾತ್ರ ಎಕರೆ, ಗುಂಟೆ. ಹಣಕ್ಕೂ ಇದೇ ನೀತಿ: ಪೈಸೆಯಲ್ಲಿ ಇಡುವುದು, ರೂಪಾಯಿಯಲ್ಲಿ ತೋರಿಸುವುದು. ಕಂಪ್ಯೂಟರಿನ ದಶಮಾಂಶ ನಿಜಕ್ಕೂ ಎರಡರ ಭಾಗಗಳ ಲೆಕ್ಕವಾದ್ದರಿಂದ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ಕುತೂಹಲದ ಮಾತೆಂದರೆ ಅರ್ಧ, ಕಾಲು, ಅರೆಕಾಲು, ಹದಿನಾರನೇ ಒಂದು ಅದಕ್ಕೆ ಒಂದಿಷ್ಟೂ ಲೋಪವಿಲ್ಲದೆ ಒಗ್ಗುತ್ತವೆ. ರೂಪಾಯಿಗೆ ಹದಿನಾರಾಣೆಯ ಲೆಕ್ಕ ಅದಕ್ಕೆ ಸಲೀಸು. 1957ರ ಏಪ್ರಿಲ್ 1ರಂದು ಬಂದ ನೂರು ಪೈಸೆಯ ಲೆಕ್ಕವೇ ತೊಡಕು. ನಮ್ಮ ಹಿರಿಯರ ಮಗ್ಗಿ ಕಂಪ್ಯೂಟರಿಗೆ ನಮ್ಮ ಮಗ್ಗಿಗಿಂತ ಹತ್ತಿರ.

ಹಣದ ಗಾತ್ರಕ್ಕೆ ಪಾವಗಡದ ಉದಾಹರಣೆ ಒದಗುತ್ತದೆ. ತಿರುಮಣಿ ಸುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು; ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಈ ಮೊತ್ತ ಇಡಲು ಕೋರ್ ಡೇಟಾದಲ್ಲಿ ಯಾರಾದರೂ 16 ಬಿಟ್ ಪೂರ್ಣಾಂಕ ಆರಿಸಿದರೆ ಅದರ ಮಿತಿ 32,767. ಒಂದು ಎಕರೆಯವರ ಬಾಡಿಗೆ ಹಿಡಿಸುತ್ತದೆ. ಎರಡು ಎಕರೆಯ 42,000ವನ್ನು ಒತ್ತಾಯದಿಂದ ತುರುಕಿದರೆ ಮೈನಸ್ 23,536 ಆಗುತ್ತದೆ, ಅಂದರೆ ರೈತನೇ ಬಾಕಿದಾರ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಸಿಡಿದುಹೋದದ್ದು ಇದೇ ಕಾರಣಕ್ಕೆ. 64 ಬಿಟ್‌ನ ದಶಮಾಂಶವೊಂದು 16 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸಲಿಲ್ಲ. ನಮ್ಮ ಬರವಣಿಗೆಯ ಅಲ್ಪವಿರಾಮವೂ ಕೈಕೊಡುತ್ತದೆ. ಐಫೋನಿನ ಹಳೆಯ ಪಠ್ಯ ವರ್ಗ ‘21,000’ವನ್ನು ಪೂರ್ಣಾಂಕ ಮಾಡುವಾಗ ಅಂಕಿಯಲ್ಲದ ಮೊದಲ ಗುರುತಿಗೇ ನಿಂತು 21 ಎನ್ನುತ್ತದೆ. ದೂರುವುದಿಲ್ಲ, ತಪ್ಪೆಂದು ಹೇಳುವುದಿಲ್ಲ.

ಫ್ಯಾಟ್ ಸರಿಯಾಗಿ ನಾಲ್ಕು ಬಂದ ದಿನ

ಟೈಪ್ ಬಿಗಿಯಾಗಿರುವ ಭಾಷೆಗಳದು ಇನ್ನೊಂದು ಕಥೆ. ಹಾಲಿನ ಡೇರಿಯ ಲೆಕ್ಕ ತೋರಿಸುವ ಆ್ಯಪನ್ನು ಫ್ಲಟರ್‌ನಲ್ಲಿ ಬರೆದಿದ್ದಾರೆ ಎನ್ನಿ. ಫ್ಯಾಟ್ ಕಾಲಂ ದಶಮಾಂಶ ಎಂದು ಘೋಷಿಸಿದ್ದಾರೆ, ಸರಿಯೇ. ಸೋಮವಾರ 4.1, ಮಂಗಳವಾರ 3.9, ತೊಂದರೆ ಇಲ್ಲ. ಬುಧವಾರ ಹಸು ನೆಟ್ಟಗೆ ನಾಲ್ಕು ಫ್ಯಾಟಿನ ಹಾಲು ಕೊಟ್ಟಿತು. ಸರ್ವರ್ ಕಡೆಯ ಪ್ರೋಗ್ರಾಮ್ 4.0ರ ಬಾಲ ಕಿತ್ತು ಜೇಸನ್‌ಗೆ 4 ಎಂದು ಬರೆಯಿತು. ಫ್ಲಟರ್ ಬಳಸುವ ಡಾರ್ಟ್ ಭಾಷೆಗೆ 4 ಪೂರ್ಣಾಂಕ, ಪೂರ್ಣಾಂಕ ದಶಮಾಂಶವಲ್ಲ. ಆ್ಯಪ್ ಅಲ್ಲಿಗೇ ನಿಂತಿತು. ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ‘ಯಾಕೋ ಇವತ್ತು ಓಪನ್ನೇ ಆಗ್ತಿಲ್ಲ’ ಎಂಬುದಷ್ಟೇ ಗೊತ್ತು. ಎರಡನ್ನೂ ಒಪ್ಪುವ ‘ನಮ್’ ಎಂಬ ಟೈಪಾಗಿ ಓದಿ ಆಮೇಲೆ ದಶಮಾಂಶಕ್ಕೆ ತಿರುಗಿಸುವುದು ಇದರ ಮದ್ದು, ಒಂದೇ ಸಾಲಿನ ತಿದ್ದುಪಡಿ.

ಸ್ವಿಫ್ಟ್ ಭಾಷೆಯ ‘ಕೋಡಬಲ್’ 2017ರಲ್ಲಿ ಬಂದ ಮೇಲೆ ಐಫೋನ್ ಕಡೆಯೂ ಇದೇ ಬಿಗುವು. ಇನ್ನೂರು ತಾಕುಗಳ ಪಟ್ಟಿಯಲ್ಲಿ ಒಂದರ ಹಿಸ್ಸಾ ಪಠ್ಯದ ಬದಲು ಸಂಖ್ಯೆಯಾಗಿ ಬಂದರೆ ಇಡೀ ಪಟ್ಟಿಯೇ ತಿರಸ್ಕೃತ. ಇನ್ನು ಪಿಎಚ್‌ಪಿ ಸರ್ವರ್‌ಗಳು. ಹಳೆಯ ಆವೃತ್ತಿಗಳಲ್ಲಿ ಡೇಟಾಬೇಸಿನ ಸಂಖ್ಯೆಗಳೂ ಬಹಳ ಸಲ ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಬರುತ್ತವೆ. ಗುಂಪು ಖಾಲಿಯಿದ್ದರೆ ಅದು ಗುಂಪಿನ ಬದಲು ಖಾಲಿ ಪಟ್ಟಿಯಾಗಿ ಬರುವುದೂ ಉಂಟು. ಬಿಗಿ ಒಳ್ಳೆಯದೋ ಸಡಿಲ ಒಳ್ಳೆಯದೋ ಎಂಬ ವಾದ ಪ್ರೋಗ್ರಾಮರ್‌ಗಳಲ್ಲಿ ಮುಗಿಯದು. ಈ ಲೇಖಕನ ಒಲವು ಬಿಗಿಯ ಕಡೆಗೆ: ನಿಂತುಹೋದ ಆ್ಯಪನ್ನು ಯಾರಾದರೂ ದೂರುತ್ತಾರೆ, 2.1 ತೋರಿಸುವ ಆ್ಯಪನ್ನು ಯಾರೂ ದೂರುವುದಿಲ್ಲ. ಆದರೆ ಬಿಗಿ ಒಂದು ತಾಕಿಗಿರಲಿ, ಇನ್ನೂರಕ್ಕೂ ಬೇಡ. ಕೆಟ್ಟ ಒಂದನ್ನು ಪಕ್ಕಕ್ಕಿಟ್ಟು ಉಳಿದವನ್ನು ಉಳಿಸಿಕೊಳ್ಳಬೇಕು.

ಹೌದು, ಅಲ್ಲ, ಗೊತ್ತಿಲ್ಲ

ತಾಕಿಗೆ ನೀರಾವರಿ ಇದೆಯೇ ಎಂಬುದಕ್ಕೆ ಸರ್ವರ್ ‘ವೈ’ ಅಥವಾ ‘ಎನ್’ ಎಂಬ ಒಂದೊಂದು ಇಂಗ್ಲಿಷ್ ಅಕ್ಷರ ಕಳಿಸುತ್ತದೆ ಎನ್ನಿ. ಐಫೋನಿನ ಹಳೆಯ ಪಠ್ಯ ವರ್ಗದ ಪ್ರಕಾರ ‘ವೈ’ ಎಂದರೆ ಹೌದು. ಆಂಡ್ರಾಯ್ಡಿನ ಜಾವಾ ‘ಟ್ರೂ’ ಎಂಬ ಪೂರ್ತಿ ಪದ ಬಿಟ್ಟು ಬೇರಾವುದನ್ನೂ ಹೌದೆನ್ನುವುದಿಲ್ಲ, ಹಾಗಾಗಿ ‘ವೈ’ ಎಂದರೂ ಅಲ್ಲ. ಜಾವಾಸ್ಕ್ರಿಪ್ಟ್‌ಗೆ ಖಾಲಿಯಲ್ಲದ ಯಾವ ಪಠ್ಯವಾದರೂ ಹೌದೇ, ‘ಎನ್’ ಕೂಡ. ಒಂದೇ ಕೊಳವೆಬಾವಿಗೆ ಮೂರು ಕಡೆ ಮೂರು ನಿಯಮ.

‘ನಲ್’ ಇನ್ನೂ ಸೂಕ್ಷ್ಮ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳಿಂದ ಮಾಹಿತಿ ಪಡೆಯುತ್ತದೆ. ಇಂಥ ಅಂಕಿ ತೋರಿಸುವ ಆ್ಯಪಿನಲ್ಲಿ 0 ಎಂದರೆ ಮಳೆ ಬರಲಿಲ್ಲ. ನಲ್ ಎಂದರೆ ಮಾಪಕದಿಂದ ಸುದ್ದಿ ಬರಲಿಲ್ಲ. ಪೂರ್ಣಾಂಕದ ಕಾಲಂಗೆ ನಲ್ ಇಡಲಾಗದೆ 0 ಇಟ್ಟರೆ ಮಾಪಕ ಕೆಟ್ಟ ವಾರವೆಲ್ಲ ಬರಗಾಲದ ವಾರವಾಗುತ್ತದೆ. ಮಳೆಯನ್ನೇ ನೆಚ್ಚಿ ಕಡಲೆಕಾಯಿ ಇಡುವ ಪಾವಗಡ, ಶಿರಾದಲ್ಲಿ ಹವಾಮಾನ ಆಧಾರಿತ ವಿಮೆಯ ಮಾತು ಬಂದಾಗ ಈ ಎರಡು ಸೊನ್ನೆಗಳ ನಡುವೆ ಹಣವಿದೆ.

ನಿಗದಿತ ಪಟ್ಟಿಯ ಬೆಲೆಗಳೂ ಹೀಗೆಯೇ. ಜಮೀನಿನ ಬಗೆಗೆ ಖುಷ್ಕಿ, ತರಿ, ಬಾಗಾಯ್ತು ಎಂಬ ಮೂರೇ ಆಯ್ಕೆ ಎಂದು ಆ್ಯಪ್ ಕಲಿತಿದ್ದರೆ ನಾಲ್ಕನೆಯದು ಬಂದಾಗ ಕಂಗಾಲಾಗುತ್ತದೆ. ಜಿಲ್ಲೆಗಳ ಪಟ್ಟಿ ಇದಕ್ಕೆ ಚೆಂದದ ನಿದರ್ಶನ. ಕಂದಾಯ ಇಲಾಖೆಗೆ ರಾಜ್ಯದಲ್ಲಿ 31 ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಮಧುಗಿರಿ ತಾನೇ ಒಂದು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಶೈಕ್ಷಣಿಕ ಜಿಲ್ಲೆ ಅದು. ಕೊಳಾಲದ ಹುಡುಗಿಯ ಜಮೀನು ತುಮಕೂರು ಜಿಲ್ಲೆಯಲ್ಲಿ, ಅವಳ ಅಂಕಪಟ್ಟಿ ಮಧುಗಿರಿ ಜಿಲ್ಲೆಯಲ್ಲಿ. 31ರ ಪಟ್ಟಿಯನ್ನೇ ಟೈಪ್ ಮಾಡಿಕೊಂಡ ಆ್ಯಪ್‌ಗೆ ಮಧುಗಿರಿ ಅಪರಿಚಿತ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ‘ತುಮ್ಕೂರ್’ ಹೋಗಿ ‘ತುಮಕೂರು’ ಆದಾಗ, ಹೆಸರನ್ನೇ ಗುರುತಾಗಿ ಇಟ್ಟುಕೊಂಡಿದ್ದ ಎಷ್ಟೋ ಕೋಷ್ಟಕಗಳು ಒಂದೇ ಊರನ್ನು ಎರಡು ಮಾಡಿಕೊಂಡವು. ಹೆಸರು ತೋರಿಸುವುದಕ್ಕೆ, ಕೋಡ್ ಗುರುತಿಸುವುದಕ್ಕೆ.

ದಿನಾಂಕ

05/06/2024 ನಮಗೆ ಜೂನ್ 5, ಅಮೆರಿಕದ ರೂಢಿಯ ಗ್ರಂಥಾಲಯಕ್ಕೆ ಮೇ 6. ವರ್ಷ–ತಿಂಗಳು–ದಿನ ಎಂಬ ಐಎಸ್‌ಒ 8601ರ ಕ್ರಮ ಈ ಜಗಳವನ್ನು ಬಗೆಹರಿಸುತ್ತದೆ, ಇನ್ನೊಂದನ್ನು ಬಿಡುತ್ತದೆ: ಎಣಿಕೆ ಎಲ್ಲಿಂದ, ಯಾವ ಮಾನದಲ್ಲಿ ಎಂಬುದು. ಕಂಪ್ಯೂಟರುಗಳು ಸಾಮಾನ್ಯವಾಗಿ ದಿನಾಂಕವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಜಾವಾ ಎಣಿಸುವುದು ಮಿಲಿಸೆಕೆಂಡುಗಳಲ್ಲಿ. ಸರ್ವರ್ ಕಳಿಸಿದ ಸೆಕೆಂಡನ್ನು ಮಿಲಿಸೆಕೆಂಡ್ ಎಂದು ಓದಿದರೆ 2024ರ ಬಿತ್ತನೆ 1970ರ ಜನವರಿಯಲ್ಲಿ ಬೀಳುತ್ತದೆ. ಕೋರ್ ಡೇಟಾ ಎಣಿಸುವುದು 2001ರ ಜನವರಿ 1ರಿಂದ. ಎರಡರ ನಡುವೆ 978307200 ಸೆಕೆಂಡು, ನೆಟ್ಟಗೆ 31 ವರ್ಷ.

ಹುಟ್ಟಿದ ದಿನದಲ್ಲಿ ಇನ್ನೊಂದು ಸೂಕ್ಷ್ಮ. ನಮ್ಮ ಹಳ್ಳಿಗಳ ಹಿಂದಿನ ತಲೆಮಾರಿನಲ್ಲಿ ಜೂನ್ 1ರಂದು ಹುಟ್ಟಿದವರು ವಿಪರೀತ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು ಅದು. 01-06-1965ನ್ನು ಭಾರತೀಯ ಕಾಲಮಾನದ ನಡುರಾತ್ರಿ ಎಂದು ತಿಳಿದು ಜಾಗತಿಕ ಕಾಲಮಾನಕ್ಕೆ ತಿರುಗಿಸಿದರೆ ಐದೂವರೆ ಗಂಟೆ ಹಿಂದೆ ಸರಿದು ಮೇ 31ರ ಸಂಜೆ ಆರೂವರೆ ಆಗುತ್ತದೆ. ದಿನದ ಭಾಗ ಮಾತ್ರ ಉಳಿಸಿಕೊಂಡರೆ ಮೇ 31. ಮತ್ತೆ ಸಿಂಕ್ ಆದಾಗ ಮೇ 30. ಪ್ರತಿ ಸಿಂಕಿಗೂ ಒಂದು ದಿನ ಹಿರಿಯರಾಗುತ್ತ ಹೋಗುತ್ತಾರೆ. ಹುಟ್ಟಿದ ದಿನ ಒಂದು ದಿನ, ಒಂದು ಗಳಿಗೆಯಲ್ಲ. ಅದಕ್ಕೆ ಗಂಟೆಯನ್ನೇ ಅಂಟಿಸಬಾರದು. ಫೋಟೊ ತೆಗೆದ ಸಮಯ ಗಳಿಗೆ, ಅದಕ್ಕೆ ಕಾಲಮಾನ ಬೇಕೇ ಬೇಕು.

ಕೊಳಾಲದ ಕಾಗುಣಿತ

ಪಠ್ಯವನ್ನು ಪಠ್ಯವಾಗಿ ಉಳಿಸುವುದಕ್ಕೆ ಪರಿವರ್ತನೆ ಬೇಡವೆಂದು ತೋರುತ್ತದೆ. ಕನ್ನಡಕ್ಕೆ ಬೇಕು. ‘ಕೊಳಾಲ’ ಓದುವವರಿಗೆ ಮೂರಕ್ಷರ. ಯೂನಿಕೋಡ್‌ನಲ್ಲಿ ಕ, ಒಕಾರ ಚಿಹ್ನೆ, ಳ, ಆಕಾರ ಚಿಹ್ನೆ, ಲ ಎಂದು ಐದು ಸಂಕೇತ. ಯುಟಿಎಫ್–8ರಲ್ಲಿ ಒಂದೊಂದಕ್ಕೆ ಮೂರರಂತೆ 15 ಬೈಟು. ಒಕಾರವನ್ನು ಎತ್ವ ಮತ್ತು ಕೊಂಬಿನ ದೀರ್ಘದಂಥ ಚಿಹ್ನೆ ಸೇರಿಸಿ ಎರಡು ಸಂಕೇತಗಳಾಗಿ ಬರೆಯಲೂ ಯೂನಿಕೋಡ್ ಒಪ್ಪುತ್ತದೆ. ಆಗ ಆರು ಸಂಕೇತ, 18 ಬೈಟು. ಕಣ್ಣಿಗೆ ಎರಡೂ ಒಂದೇ. ಸ್ವಿಫ್ಟ್ ಇವೆರಡನ್ನೂ ಸಮವೆನ್ನುತ್ತದೆ, ಎಸ್‌ಕ್ಯುಎಲ್‌ಐಟ್ ಬೈಟು ನೋಡಿ ಬೇರೆಯೆನ್ನುತ್ತದೆ. ಹೋಬಳಿ ಹುಡುಕಿದವರಿಗೆ ಹೋಬಳಿ ಸಿಗುವುದಿಲ್ಲ. ಉಳಿಸುವ ಮೊದಲು ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ಪಾಠಕ್ಕೆ ತರುವುದು ರೂಢಿ. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಕೂತಿರುವ ಕಡತಗಳನ್ನು ತರುವುದು ಇನ್ನೂ ಬೇರೆಯೇ ಸಾಹಸ, ಅದಕ್ಕೆ ಪ್ರತ್ಯೇಕ ಪರಿವರ್ತಕಗಳಿವೆ.

ಕನ್ನಡ ಅಂಕಿಗಳದೂ ಒಂದು ಮಾತು. ೨೩ ಎಂಬುದನ್ನು ಜಾವಾ ಪೂರ್ಣಾಂಕ 23 ಎಂದು ಒಪ್ಪಿಕೊಳ್ಳುತ್ತದೆ. ಸ್ವಿಫ್ಟ್ ಮತ್ತು ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ. ಫೋನನ್ನು ಕನ್ನಡಕ್ಕೆ ಹಾಕಿದರೂ ಅಂಕಿಗಳು 1, 2 ಎಂದೇ ಇರುತ್ತವೆ. ಬೆಳಗಾವಿ ಗಡಿಯಲ್ಲಿ ಮರಾಠಿಗೆ ಹಾಕಿದವರ ಫೋನು ದೇವನಾಗರಿ ಅಂಕಿ ಬರೆದು, ಅದನ್ನೇ ಸರ್ವರ್‌ಗೆ ಕಳಿಸಿಬಿಡುವುದುಂಟು.

ಉಳಿದುಹೋದ ತಪ್ಪು

ಸರ್ವರ್‌ನ ತಪ್ಪನ್ನು ಒಂದು ಕಡೆ ತಿದ್ದಿದರೆ ಮುಗಿಯಿತು. ಫೋನಿನಲ್ಲಿ ಉಳಿದ ತಪ್ಪು ಎಷ್ಟು ಫೋನುಗಳಿವೆಯೋ ಅಷ್ಟು ಕಡೆ ಇರುತ್ತದೆ, ಕೆಲವು ತಿಂಗಳುಗಟ್ಟಲೆ ಅಪ್‌ಡೇಟ್ ಕಾಣದವು. ಎಸ್‌ಕ್ಯುಎಲ್‌ಐಟ್‌ನಲ್ಲಿ ಕಾಲಂನ ಟೈಪನ್ನು ಇದ್ದಲ್ಲೇ ಬದಲಿಸಲು ಬರುವುದಿಲ್ಲ. ಹೊಸ ಕೋಷ್ಟಕ ಮಾಡಿ, ಹಳೆಯದನ್ನು ಅದಕ್ಕೆ ಸುರಿದು, ಹಳೆಯದನ್ನು ಅಳಿಸಿ, ಹೆಸರು ಬದಲಿಸಬೇಕು. ಇದಕ್ಕೆ ಮೈಗ್ರೇಶನ್ ಎನ್ನುತ್ತಾರೆ. ಅನುಭವಿಗಳು ಆರಂಭದಿಂದಲೇ ಸರ್ವರ್ ಕಳಿಸಿದ ಮೂಲ ಪಠ್ಯವನ್ನು ಪಕ್ಕದ ಕಾಲಂನಲ್ಲಿ ಹಾಗೇ ಇಟ್ಟಿರುತ್ತಾರೆ, ಮತ್ತೆ ಪರಿವರ್ತಿಸಲು ಅನುಕೂಲವಾಗಲೆಂದು.

ಹಾಗೆ ಇಟ್ಟಿಲ್ಲದಿದ್ದರೂ ವಿಸ್ತೀರ್ಣದ ಸೊನ್ನೆಯನ್ನು ಮರಳಿ ಪಡೆಯಬಹುದು. ಸರ್ವರ್ ಯಾವಾಗಲೂ ಗುಂಟೆಗೆ ಎರಡಂಕಿ ಬರೆಯುವುದಾದರೆ ಒಂದು ಗುಂಟೆ 2.01 ಆಗಿರುತ್ತದೆ, ಆದ್ದರಿಂದ ಫೋನಿನಲ್ಲಿರುವ 2.1 ಹತ್ತು ಗುಂಟೆಯೇ. ನೂರರಿಂದ ಗುಣಿಸಿ ಪೂರ್ಣಾಂಕ ಮಾಡಿದರೆ 210, ಸರಿಯಾಗಿ ಬಂತು. ಎರಡು ಎಕರೆ ಮೂವತ್ತು ಗುಂಟೆಗೂ ಹಾಗೇ ಮಾಡಿದರೆ 2.3ನ್ನು ನೂರರಿಂದ ಗುಣಿಸಿದ ಕಂಪ್ಯೂಟರ್ 229.99999999999997 ಎನ್ನುತ್ತದೆ, ಪೂರ್ಣಾಂಕ ಮಾಡುವ ಆದೇಶ ಬಿಂದುವಿನಾಚೆಯದನ್ನೆಲ್ಲ ಕತ್ತರಿಸಿ 229 ಇಡುತ್ತದೆ. ಎರಡು ಎಕರೆ ಇಪ್ಪತ್ತೊಂಬತ್ತು ಗುಂಟೆ. ಒಂದು ಎಕರೆ ಹದಿನೈದು ಗುಂಟೆಗೂ ಇದೇ ಗತಿ, ಹದಿನಾಲ್ಕಾಗುತ್ತದೆ. ಕತ್ತರಿಸುವ ಬದಲು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸುವ ಆದೇಶ ಬಳಸಬೇಕು. ಎರಡಕ್ಕೂ ಪ್ರೋಗ್ರಾಮಿನಲ್ಲಿ ಇರುವ ವ್ಯತ್ಯಾಸ ಒಂದು ಪದದ್ದು, ಹೊಲದಲ್ಲಿ 1089 ಚದರಡಿಯದ್ದು.